ಮನೆಬಸ್ಸು ಓಡುವಾಗ ಒಲೆಯಾಗದಿರಲು

ಹಳೆ ಬಸ್ಸಿನ ಸೀಟುಗಳನ್ನೆಲ್ಲ ಕಿತ್ತು, ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಕೂರಿಸಿ ಮನೆ ಮಾಡಿಕೊಂಡವರಿಗೆ ಮೊದಲ ಬೇಸಿಗೆಯಲ್ಲೇ ಒಂದು ವಿಷಯ ಗೊತ್ತಾಗುತ್ತದೆ. ಮರದ ನೆರಳಲ್ಲಿ ನಿಂತಾಗ ಹಾಯಾಗಿದ್ದ ಬಸ್ಸು ರಸ್ತೆಗಿಳಿದ ಒಂದು ಗಂಟೆಯಲ್ಲಿ ಒಲೆಯಾಗುತ್ತದೆ. ಕಿಟಕಿ ತೆಗೆದರೂ ಅಷ್ಟೇ, ಫ್ಯಾನ್ ಹಾಕಿದರೂ ಅಷ್ಟೇ.

ಆಗ ಎಲ್ಲರಿಗೂ ಹೊಳೆಯುವುದು ಒಂದೇ: ಎಸಿ ಹಾಕಿಸೋಣ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಬೇಸಿಗೆಯಿಡೀ ಹಿಂದಿನ ಮಂಚದ ಕೆಳಗಿಂದ ಕಾವು ಬರುತ್ತಿತ್ತು. ಸೈಲೆನ್ಸರಿನದ್ದೇ ಇರಬೇಕು ಅಂತ ನೆಲಕ್ಕೆ ಇನ್ನೊಂದು ಪದರ ಶೀಟ್ ಹೊಡೆದೆ. ಏನೂ ಕಡಿಮೆಯಾಗಲಿಲ್ಲ. ಕೊನೆಗೆ ಮಂಚ ಎತ್ತಿ ನೋಡಿದರೆ, ಬಸ್ಸಿನ ಹಳೆಯ ಹೀಟರ್ ಅಲ್ಲೇ ಕೂತಿದೆ, ಅದರೊಳಗೆ ಇಂಜಿನ್ನಿನ ಬಿಸಿನೀರು ಹರಿಯುತ್ತಲೇ ಇದೆ. ಸುಡು ಬೇಸಿಗೆಯಲ್ಲಿ ಹೀಟರ್ ಹಾಕಿಕೊಂಡು ಊರೂರು ತಿರುಗಿದ್ದೆ! ಒಂದು ವಾಲ್ವ್ ತಿರುಗಿಸಿದೆ, ಆ ಮೂಲೆಯ ಕಾವು ನಿಂತಿತು. ಅವತ್ತಿನಿಂದ ಎಸಿ ಮಾತು ನನಗೆ ಕೊನೆಗೇ ಬರುವುದು.

ಮೊದಲು ಅಳೆಯಿರಿ

ದೂರದಿಂದಲೇ ಬಿಸಿ ಅಳೆಯುವ ಗನ್ ಥರ್ಮಾಮೀಟರ್ ಒಂದನ್ನು ತಂದುಕೊಳ್ಳಿ. ಬಿಸಿಲು ಜಾಸ್ತಿ ಇರುವ ದಿನ ಒಂದು ಗಂಟೆ ಬಸ್ಸು ಓಡಿಸಿ. ನೀವು ಸ್ಟೀರಿಂಗ್ ಹಿಡಿದಿರುವಾಗ ಇನ್ನೊಬ್ಬರು ಅಳೆಯಲಿ, ಅಥವಾ ನಿಲ್ಲಿಸಿದ ಕೂಡಲೇ ನೀವೇ ಅಳೆಯಿರಿ. ಇಂಜಿನ್ ಮುಚ್ಚಳ, ಪೆಡಲ್‌ಗಳ ಹಿಂದಿನ ತಗಡು, ನೆಲದ ಉದ್ದಕ್ಕೂ ನಾಲ್ಕೈದು ಜಾಗ, ಮುಂದಿನ ಗಾಜಿನ ಕೆಳಗಿನ ಡ್ಯಾಶ್‌ಬೋರ್ಡ್, ಛಾವಣಿ, ಫ್ರಿಜ್ಜಿನ ಬೆನ್ನು, ಇನ್ವರ್ಟರ್ ಇಟ್ಟ ಪೆಟ್ಟಿಗೆ: ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೊಳೆಯುವ ಲೋಹದ ಮೇಲೆ ಈ ಗನ್ ತಪ್ಪು ಲೆಕ್ಕ ತೋರಿಸುತ್ತದೆ. ಅಂಥ ಕಡೆ ಪೇಂಟರ್‌ಗಳು ಬಳಸುವ ಕಾಗದದ ಟೇಪ್ ಒಂದು ತುಂಡು ಅಂಟಿಸಿ, ಅದರ ಮೇಲೆ ಅಳೆಯಿರಿ.

ಈ ಚೀಟಿಯಲ್ಲಿ ಅತಿ ಬಿಸಿ ಅಂತ ಬಂದ ಜಾಗದಿಂದಲೇ ಕೆಲಸ ಶುರು. ಹೆಚ್ಚಿನ ಜನ ಛಾವಣಿಯೇ ಮೊದಲ ಸ್ಥಾನದಲ್ಲಿರುತ್ತದೆ ಅಂದುಕೊಳ್ಳುತ್ತಾರೆ. ನಿಂತ ಬಸ್ಸಿಗೆ ಅದು ಸರಿ. ಓಡುವ ಬಸ್ಸಿನ ಛಾವಣಿಯನ್ನು ಗಾಳಿ ಸವರಿಕೊಂಡು ಹೋಗುತ್ತಿರುತ್ತದೆ, ಅದರ ಕಾವು ಅರ್ಧ ಗಾಳಿಗೇ ಹೋಗುತ್ತದೆ. ಇಂಜಿನ್ ಮಾತ್ರ ಓಡಿದಷ್ಟೂ ಕಾಯುತ್ತದೆ.

ಇಂಜಿನ್ ಕಡೆಯಿಂದ ಬರುವ ಕಾವು

ಡೀಸೆಲ್ ಸುಟ್ಟು ಬರುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸುಮಾರು ಮೂರನೇ ಒಂದು ಪಾಲು, ಸ್ವಲ್ಪ ಹೆಚ್ಚು ಕಡಿಮೆ. ಉಳಿದದ್ದು ಬಿಸಿಯಾಗಿ ಹೊಗೆ ಕೊಳವೆಯಲ್ಲೂ ರೇಡಿಯೇಟರಿನಲ್ಲೂ ಹೊರಗೆ ಹೋಗಬೇಕು. ಮುಂದೆ ಇಂಜಿನ್ ಇರುವ ಬಸ್ಸಿನಲ್ಲಿ ಈ ಬಿಸಿಯ ಗುಡ್ಡೆ ಡ್ರೈವರ್ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ. ನಡುವೆ ಇರುವುದು ಒಂದು ಮುಚ್ಚಳ ಅಷ್ಟೇ.

ಹೀಟರ್ ವಾಲ್ವಿನ ಕೆಲಸ ಮೊದಲು ಮುಗಿಸಿಬಿಡಿ. ಚಳಿ ಪ್ರದೇಶದಲ್ಲಿ ಓಡಿದ ಬಸ್ಸಾಗಿದ್ದರೆ ಡ್ಯಾಶ್‌ಬೋರ್ಡ್ ಕೆಳಗೆ ಒಂದು, ಮಧ್ಯದಲ್ಲೋ ಹಿಂದೆಯೋ ಇನ್ನೊಂದು ಹೀಟರ್ ಇರುವ ಸಾಧ್ಯತೆ ಇದೆ. ಹೀಟರ್ ಇಲ್ಲದ ಬಸ್ಸಾದರೆ ಈ ಪ್ಯಾರಾ ದಾಟಿ ಮುಂದೆ ಹೋಗಿ. ಫ್ಯಾನ್ ಸ್ವಿಚ್ ಆಫ್ ಮಾಡಿದರೆ ಹೀಟರ್ ಆಫ್ ಆಯಿತು ಅಂತ ಅಲ್ಲ. ಪೈಪಿನೊಳಗೆ 85–90 ಡಿಗ್ರಿ ಸೆಲ್ಸಿಯಸ್‌ನ ನೀರು ಸುತ್ತುತ್ತಲೇ ಇರುತ್ತದೆ, ಹಿಂದಿನ ಹೀಟರಿಗೆ ಹೋಗುವ ಪೈಪಂತೂ ಬಸ್ಸಿನ ಉದ್ದಕ್ಕೂ ಕಾವು ಹಂಚುತ್ತಾ ಹೋಗುತ್ತದೆ. ಇಂಜಿನ್ ತಣ್ಣಗಿರುವಾಗ ರಬ್ಬರ್ ಪೈಪುಗಳ ದಾರಿ ಹಿಡಿದು ಹೋಗಿ. ಇಂಜಿನ್ ಪಕ್ಕ ಎಲ್ಲೋ ವಾಲ್ವ್ ಸಿಗುತ್ತದೆ. ಅದನ್ನು ಮುಚ್ಚಿ. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಆದರೆ ಕಚ್ಚಿಕೊಂಡಿರುತ್ತದೆ, ಇಲ್ಲವೇ ತಿರುಗಿಸಿದ ಕೂಡಲೇ ಸೋರಲು ಶುರುವಾಗುತ್ತದೆ. ಸುಮ್ನೆ ಅದರ ಜೊತೆ ಗುದ್ದಾಡಬೇಡಿ, ಕಾಲು ತಿರುವಿಗೆ ಮುಚ್ಚುವ ಬಾಲ್ ವಾಲ್ವ್ ಹಾಕಿಸಿಬಿಡಿ. ಹೀಟರನ್ನೇ ಕಿತ್ತು ಬಿಸಾಡುವ ಮುಂಚೆ ಮಾತ್ರ ಎರಡು ಸಲ ಯೋಚಿಸಿ. ಅದರಿಂದ ಒಂದು ಉಪಕಾರ ಇದೆ, ಮುಂದೆ ಹೇಳುತ್ತೇನೆ.

ಆಮೇಲೆ ಸಂದುಗಳು. ರಾತ್ರಿ ಬಸ್ಸಿನೊಳಗಿನ ದೀಪ ಎಲ್ಲ ಆರಿಸಿ, ಇಂಜಿನ್ ಕೋಣೆಯೊಳಗೆ ಒಂದು ಜೋರು ಟಾರ್ಚ್ ಹಾಕಿ ಮುಚ್ಚಳ ಮುಚ್ಚಿ. ಒಳಗೆ ಕೂತು ನೋಡಿದರೆ ಆಕಾಶದ ನಕ್ಷತ್ರದ ಹಾಗೆ ತೂತುಗಳು ಕಾಣುತ್ತವೆ. ವೈರ್ ಹೋಗುವ ತೂತು, ಕ್ಲಚ್ ಪೆಡಲ್ ಬುಡ, ಗೇರ್ ಲಿವರ್ ಬುಡದ ಹರಿದ ರಬ್ಬರ್, ಮುಚ್ಚಳದ ಅಂಚಿನ ಸವೆದ ಗ್ಯಾಸ್ಕೆಟ್. ಬೆಳಕು ಬರುವಲ್ಲೆಲ್ಲ ಬಿಸಿ ಗಾಳಿ ಬರುತ್ತದೆ, ಜೊತೆಗೆ ಹೊಗೆಯೂ ಬರಬಹುದು. ಬಿಸಿ ತಡೆಯುವ ಸೀಲಂಟ್, ವೈರ್ ತೂತಿಗೆ ಹೊಸ ಗ್ರಾಮೆಟ್ (ರಬ್ಬರ್ ಬಳೆ), ಹೊಸ ಗ್ಯಾಸ್ಕೆಟ್ ಹಾಕಿ. ಕಮ್ಮಿ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಕೆಲಸ ಇಡೀ ಬಸ್ಸಿನಲ್ಲಿ ಇನ್ನೊಂದಿಲ್ಲ.

ಸಂದು ಮುಚ್ಚಿದ ಮೇಲೆ ಮುಚ್ಚಳಕ್ಕೆ ಹೊದಿಕೆ. ಒಳಮೈಗೆ, ಅಂದರೆ ಇಂಜಿನ್ ಕಡೆಗೆ, ಅಲ್ಯೂಮಿನಿಯಂ ಮುಖ ಇರುವ, ಬೆಂಕಿ ಹತ್ತದ ಹೊದಿಕೆ ಅಂಟಿಸಬೇಕು. ಮೇಲ್ಮೈಗೆ ದಪ್ಪ ರಬ್ಬರ್ ಫೋಮ್, ಅದರ ಮೇಲೆ ಮ್ಯಾಟ್. ಮನೆಗೆ ತಂದ ಫ್ರಿಜ್ಜಿನ ಪ್ಯಾಕಿಂಗ್ ಥರ್ಮಾಕೋಲನ್ನು ಇಂಜಿನ್ ಕೋಣೆಗೆ ತುರುಕಿದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಅದು ಬಿಸಿಗೆ ಕರಗುತ್ತದೆ, ಕಿಡಿ ತಾಗಿದರೆ ಉರಿಯುತ್ತದೆ. ಗೊಂಬೆ ಪ್ಯಾಕ್ ಮಾಡುವ ಗುಳ್ಳೆ ಹಾಳೆಯ ಹಾಗಿರುವ ಬೆಳ್ಳಿ ಶೀಟ್ ಬಗ್ಗೆಯೂ ಒಂದು ಮಾತು: ಹೊಳೆಯುವ ಮುಖದ ಮುಂದೆ ಗಾಳಿಯ ಸಂದು ಇದ್ದರೆ ಮಾತ್ರ ಅದು ಕಾವನ್ನು ತಿರುಗಿಸಿ ಕಳಿಸುತ್ತದೆ. ಎರಡು ತಗಡಿನ ನಡುವೆ ಒತ್ತಿ ಅಂಟಿಸಿದರೆ ಅದೊಂದು ತೆಳು ಪ್ಲಾಸ್ಟಿಕ್ ಹಾಳೆ, ಅಷ್ಟೇ.

ಹೊಗೆ ಕೊಳವೆ ನೆಲಕ್ಕೆ ತೀರ ಹತ್ತಿರ ಹೋಗುವ ಕಡೆ ನಡುವೆ ಒಂದು ತಗಡಿನ ತಡೆ ಕಟ್ಟಿಸಿ, ನೆಲಕ್ಕೂ ತಗಡಿಗೂ ಎರಡು ಬೆರಳಿನಷ್ಟು ಸಂದು ಬಿಡಿ. ಗಾಳಿ ಆ ಸಂದಿನಲ್ಲಿ ಓಡಾಡಬೇಕು.

ಗಾಜು, ಛಾವಣಿ

ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ಸುರಿಯುತ್ತದೆ. ಬಸ್ಸಿನ ಮುಂದಿನ ಗಾಜು ಎರಡು ಚದರ ಮೀಟರ್ ಇರುತ್ತದೆ ಅನ್ನಿ. ಇಳಿಬಿಸಿಲು ಎದುರಿಗಿದ್ದರೆ, ಒಂದು ಇಸ್ತ್ರಿ ಪೆಟ್ಟಿಗೆ ಉರಿಸಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಷ್ಟು ಕಾವು ಸಲೀಸಾಗಿ ಒಳಗೆ ಬರುತ್ತದೆ. ಈ ಕಾವನ್ನು ಓಡುವ ಗಾಳಿ ಏನೂ ಮಾಡಲಾರದು. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದರೂ ಪೂರ್ತಿ ಲಾಭ ಇಲ್ಲ, ಪರದೆಯೇ ಕಾದು ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಆದರೂ ಪಕ್ಕದ ಕಿಟಕಿಗಳಿಗೆ ಬಿಳಿ ಅಥವಾ ಬೆಳ್ಳಿ ಬಣ್ಣದ ಮುಖ ಹೊರಗೆ ಕಾಣುವಂತೆ ಪರದೆ ಹಾಕಿದರೆ ಬಂದ ಬಿಸಿಲಲ್ಲಿ ಒಂದಷ್ಟು ವಾಪಸ್ ಹೋಗುತ್ತದೆ. ಮಲಗುವ ಕಡೆಯ ಕಿಟಕಿಗಳಲ್ಲಿ ಅರ್ಧವನ್ನಾದರೂ ತೆಗೆದು, ತಗಡು ಮುಚ್ಚಿ, ಒಳಗೆ ಫೋಮ್ ತುಂಬಿಸುವುದು ಇನ್ನೂ ಒಳ್ಳೆಯದು. ಮನೆಗೆ ಅಷ್ಟೊಂದು ಕಿಟಕಿ ಯಾಕೆ ಬೇಕು, ಅಲ್ವಾ?

ಮುಂದಿನ ಗಾಜಿಗೆ ಬಣ್ಣದ ಫಿಲ್ಮ್ ಹಾಕುವ ಮುಂಚೆ ನಿಮ್ಮಲ್ಲಿಯ ನಿಯಮ ನೋಡಿ. ರಾತ್ರಿ ದಾರಿ ಕಾಣದಂಥ ಫಿಲ್ಮ್ ನಿಯಮ ಒಪ್ಪಿದರೂ ನನಗೆ ಬೇಡ.

ಛಾವಣಿಗೆ ಬಿಳಿ ಬಣ್ಣ ಹೊಡೆಯಿರಿ. 10 ಮೀಟರ್ ಉದ್ದ, 2.4 ಮೀಟರ್ ಅಗಲದ ಛಾವಣಿಯ ಮೇಲೆ ನಡು ಮಧ್ಯಾಹ್ನ 24 ಕಿಲೋವ್ಯಾಟ್ ಬಿಸಿಲು ಬೀಳುತ್ತದೆ. ಕಪ್ಪು ಬಣ್ಣ ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನುಂಗಿದರೆ, ಹೊಸ ಬಿಳಿ ಬಣ್ಣ ನುಂಗುವುದು ಎರಡೇ ಪಾಲು. ಸಿಗ್ನಲ್ಲಿನಲ್ಲಿ, ಟ್ರಾಫಿಕ್ಕಿನಲ್ಲಿ ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ. ಧೂಳು ಕೂತರೆ ಬಿಳಿಯೂ ಬಿಳಿಯಲ್ಲ, ಆಗಾಗ ತೊಳೆಯಿರಿ. ಸೋಲಾರ್ ಪ್ಯಾನೆಲ್ ಹಾಕಿಸುವುದಿದ್ದರೆ ಛಾವಣಿಗೆ ಅಂಟಿಸದೆ ನಾಲ್ಕು ಬೆರಳು ಎತ್ತರಿಸಿ ಕೂರಿಸಿ. ಅದೇ ಒಂದು ಚಪ್ಪರವಾಗುತ್ತದೆ, ಪ್ಯಾನೆಲ್ಲೂ ತಣ್ಣಗಿದ್ದು ಜಾಸ್ತಿ ಕರೆಂಟ್ ಕೊಡುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ

ಡ್ರೈವರ್ ಪಕ್ಕದ ಕಿಟಕಿ ತೆಗೆದರೆ ಗಾಳಿ ಒಳಗೆ ನುಗ್ಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಬಸ್ಸಿನಲ್ಲಿ ಬಹಳ ಸಲ ಉಲ್ಟಾ ಆಗುತ್ತದೆ. ಚಪ್ಪಟೆ ಮೂತಿಗೆ ಗುದ್ದಿದ ಗಾಳಿ ಪಕ್ಕಕ್ಕೆ ಸಿಡಿದು ಹೋಗುವಾಗ ಮೂಲೆಯ ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಅಲ್ಲಿರುವ ಕಿಟಕಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಹಾಗೆ ಹೋದ ಗಾಳಿಗೆ ಬದಲಿ ಗಾಳಿ ಬೇಕು. ಹಿಂದಿನ ಬಾಗಿಲೋ ಕಿಟಕಿಯೋ ತೆರೆದಿದ್ದರೆ ಅಲ್ಲಿಂದ ಬರುತ್ತದೆ. ಬಸ್ಸಿನ ಬೆನ್ನ ಹಿಂದೆ ಸುತ್ತುತ್ತಿರುವ ಗಾಳಿಯಲ್ಲಿ ಏನಿರುತ್ತದೆ ಹೇಳಿ? ನಿಮ್ಮದೇ ಸೈಲೆನ್ಸರಿನ ಹೊಗೆ.

ಹಾಗಾಗಿ ಓಡುವಾಗ ಹಿಂದಿನ ಗೋಡೆಯ ಕಿಟಕಿ, ಬಾಗಿಲು ಯಾವತ್ತೂ ತೆರೆಯಬೇಡಿ. ಹೊಗೆಯಲ್ಲಿರುವ, ಬಣ್ಣ, ವಾಸನೆ ಇಲ್ಲದ ವಿಷದ ಗಾಳಿ ಕಾರ್ಬನ್ ಮಾನಾಕ್ಸೈಡನ್ನು ಹಿಡಿಯುವ ಅಲಾರಂ ಒಂದನ್ನು ಮಲಗುವ ಕಡೆ ಹಾಕಿಸಿ. ಇದರಲ್ಲಿ ಉಳಿತಾಯ ಮಾಡಬೇಡಿ.

ಗಾಳಿಯ ದಾರಿ ತಿಳಿಯಲು ಕಿಟಕಿ, ಛಾವಣಿ ಮುಚ್ಚಳಗಳ ಅಂಚಿಗೆ ಒಂದೊಂದು ಗೇಣು ದಾರ ಕಟ್ಟಿ. ಬಸ್ಸು ಓಡುವಾಗ ಪಕ್ಕದಲ್ಲಿ ಕೂತವರು ನೋಡಲಿ. ದಾರ ಒಳಮುಖ ಹಾರಿದರೆ ಗಾಳಿ ಬರುತ್ತಿದೆ, ಹೊರಮುಖ ಹಾರಿದರೆ ಹೋಗುತ್ತಿದೆ. ಒಂದೊಂದೇ ಕಿಟಕಿ ತೆರೆದು ಮುಚ್ಚಿ ಆಟ ಆಡಿ. ಮುಂಭಾಗದ ಛಾವಣಿ ಮುಚ್ಚಳ ಮುಂದಕ್ಕೆ ಬಾಯಿ ತೆರೆಯುವಂತಿದ್ದರೆ ಗಾಳಿಯನ್ನು ಬಾಚಿ ಒಳಗೆ ಹಾಕಬಲ್ಲದು. ಹಿಂಭಾಗದ್ದು ಹಿಂದಕ್ಕೆ ಬಾಯಿ ತೆರೆದರೆ ಕಾದ ಗಾಳಿಯನ್ನು ಎಳೆದು ಹಾಕುತ್ತದೆ. ಈ ಎರಡು ಸರಿ ಕೂತರೆ ಮಧ್ಯದ ಕಿಟಕಿಗಳನ್ನು ಮುಚ್ಚಿದಷ್ಟೂ ಒಳ್ಳೆಯದು, ಇಲ್ಲದಿದ್ದರೆ ಗಾಳಿ ಅಡ್ಡದಾರಿ ಹಿಡಿಯುತ್ತದೆ. ಮುಂದಕ್ಕೆ ಬಾಯಿ ತೆರೆದ ಮುಚ್ಚಳದ ತಿರುಗಣಿ ಗಟ್ಟಿಯಾಗಿರಬೇಕು, ಹೆದ್ದಾರಿ ವೇಗದ ಗಾಳಿ ಪ್ಲಾಸ್ಟಿಕ್ ಮುಚ್ಚಳವನ್ನು ಕಿತ್ತೊಯ್ಯುತ್ತದೆ.

ಹೊರಗೆ 40 ಡಿಗ್ರಿ ದಾಟಿದರೆ ಬರಿಯ ಗಾಳಿಯಿಂದ ಮೈ ತಂಪಾಗುವುದಿಲ್ಲ. ಅಷ್ಟು ಸೆಕೆಯಲ್ಲಿ ಫ್ಯಾನ್ ಮೈಯನ್ನು ಕಾಯಿಸುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸುತ್ತದೆ. ಅಲ್ಲಿ ನೀರು ಬೇಕು. ಕತ್ತಿಗೆ ಒದ್ದೆ ಬಟ್ಟೆ, ಒದ್ದೆ ಅಂಗಿ, ಅದರ ಮೇಲೆ ಗಾಳಿ. ಒಣ ಹವೆಯಲ್ಲಿ ಏರ್ ಕೂಲರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಳಿ ಹೊರಹೋಗಲು ಒಂದು ಕಿಂಡಿ ಬಿಟ್ಟಿರಬೇಕು ಅಷ್ಟೇ. ಕರಾವಳಿಯಂಥ ಜಿಗುಟು ಸೆಕೆಯಲ್ಲಿ ಕೂಲರ್ ಹಾಕಿದರೆ ಬಸ್ಸು ಇಡ್ಲಿ ಪಾತ್ರೆಯಾಗುತ್ತದೆ.

ಈಗ ಎಸಿ

ಇಷ್ಟೆಲ್ಲ ಆದ ಮೇಲೂ ಬೇಕು ಅನ್ನಿಸಿದರೆ ಹಾಕಿಸಿ, ಬೇಡ ಅನ್ನಲ್ಲ. ಬಸ್ಸಿಗೆ ಕಂಪನಿಯಿಂದಲೇ ಬಂದ, ಇಂಜಿನ್ ಬೆಲ್ಟಿನಿಂದ ಓಡುವ ಎಸಿ ಇದ್ದರೆ ಮಾತ್ರ ಅದನ್ನು ಕಿತ್ತು ಮಾರಬೇಡಿ. ಓಡುವಾಗ ಅದರಷ್ಟು ಬಲ ಮನೆ ಎಸಿಗೆ ಬರುವುದಿಲ್ಲ. ಜಾಗ ಸಾಲದಿದ್ದರೆ ಆ ಎಸಿಯ ಡ್ಯಾಶ್‌ಬೋರ್ಡಿನಲ್ಲಿರುವ ಚಿಕ್ಕ ಭಾಗವನ್ನಾದರೂ ಉಳಿಸಿಕೊಳ್ಳಿ.

ಕರೆಂಟಿನ ಎಸಿಯನ್ನು ಓಡುವಾಗ ಬಳಸುವುದಾದರೆ ಲೆಕ್ಕ ಹಾಕಿ. 1300 ವ್ಯಾಟ್ ಎಳೆಯುವ ಎಸಿ ಇನ್ವರ್ಟರಿನ ನಷ್ಟ ಸೇರಿ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 120 ಆಂಪಿಯರ್ ಎಳೆಯುತ್ತದೆ. 24 ವೋಲ್ಟ್ ಆದರೆ 60. ಇದನ್ನೆಲ್ಲ ಇಂಜಿನ್ ತಿರುಗುವಾಗ ಬಸ್ಸಿಗೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ತಲೆಗೆ ಕಟ್ಟಿದರೆ, ಅದೂ ಬಿಸಿ ಇಂಜಿನ್ ಪಕ್ಕದಲ್ಲಿ, ಅದು ಸುಟ್ಟು ಹೋದೀತು. ಆಲ್ಟರ್ನೇಟರಿಗೂ ಮನೆ ಬ್ಯಾಟರಿಗೂ ನಡುವೆ ಕರೆಂಟಿಗೆ ಮಿತಿ ಹಾಕುವ ಚಾರ್ಜರ್ ಇರಲೇಬೇಕು. ಉಳಿದದ್ದನ್ನು ಬ್ಯಾಟರಿ, ಸೋಲಾರ್ ಹಂಚಿಕೊಳ್ಳಲಿ.

ಇಡೀ ಬಸ್ಸನ್ನು ತಣ್ಣಗಿಡಲು ಹೋಗಬೇಡಿ. ಓಡುವಾಗ ಎಲ್ಲರೂ ಬೆಲ್ಟ್ ಹಾಕಿಕೊಂಡು ಸೀಟಿನಲ್ಲೇ ಕೂತಿರಬೇಕಲ್ಲ? ಆ ಸೀಟುಗಳನ್ನು ಡ್ರೈವರ್ ಹಿಂದೆಯೇ ಕೂರಿಸಿ, ಅದರ ಹಿಂದೆ ಛಾವಣಿಯಿಂದ ನೆಲದವರೆಗೆ ಒಂದು ದಪ್ಪ ಪರದೆ ಇಳಿಬಿಡಿ. ಚಿಕ್ಕ ಎಸಿ ಆ ಜಾಗಕ್ಕೆ ಸಾಕು. ಸಾಕುಪ್ರಾಣಿ ಇದ್ದರೆ ಅದೂ ಪರದೆಯ ಈಚೆಗೇ ಇರಲಿ.

ದಾರಿಯಲ್ಲಿ

ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲಿಸಿ. ಮೇಲಿನ ಯಾವ ಕೆಲಸವೂ ಇದರಷ್ಟು ಸಲೀಸಲ್ಲ. ಪಶ್ಚಿಮಕ್ಕೆ ಹೋಗುವುದಿದ್ದರೆ ಮಧ್ಯಾಹ್ನ ಮೇಲೆ ಹೊರಡಬೇಡಿ, ಸೂರ್ಯ ಗಾಜಿನೊಳಗೇ ಬಂದು ಕೂರುತ್ತಾನೆ. ಹೊರಡುವ ಮುಂಚೆ ರೇಡಿಯೇಟರ್ ಮುಂದಿನ ಧೂಳು, ಸತ್ತ ಹುಳ ತೊಳೆದಿರಲಿ, ಕೂಲೆಂಟ್ ಮಟ್ಟ ನೋಡಿರಲಿ. ಟೈರ್ ಗಾಳಿಯನ್ನು ತಣ್ಣಗಿರುವಾಗಲೇ ನೋಡಿ. ಓಡಿ ಕಾದ ಟೈರಿನಲ್ಲಿ ಒತ್ತಡ ಏರುವುದು ಸಹಜ, ಗಾಬರಿಯಾಗಿ ಗಾಳಿ ಬಿಡಬೇಡಿ.

ಏರು ದಾರಿಯಲ್ಲಿ ಇಂಜಿನ್ ಕಾವಿನ ಮುಳ್ಳು ಮೇಲೆದ್ದರೆ ಮೊದಲು ಎಸಿ ಆರಿಸಿ, ಕೆಳಗಿನ ಗೇರಿಗೆ ಬನ್ನಿ. ಆಗಲೂ ಇಳಿಯಲಿಲ್ಲ ಅಂದರೆ ಹೀಟರ್ ವಾಲ್ವ್ ತೆರೆದು ಅದರ ಫ್ಯಾನ್ ಜೋರು ಮಾಡಿ. ಒಳಗೆ ಕೂತವರು ಬೈಯುತ್ತಾರೆ, ಬೈಯಲಿ. ಆ ಹೀಟರ್ ಒಂದು ಎರಡನೇ ರೇಡಿಯೇಟರ್ ಇದ್ದ ಹಾಗೆ. ವಾಲ್ವ್ ಕೈಗೆ ಸಿಗುವ ಹಾಗೆ ಇದ್ದರೆ, ಅಥವಾ ಡ್ಯಾಶ್‌ಬೋರ್ಡಿನಿಂದ ಕೇಬಲ್ ಎಳೆದಿದ್ದರೆ ಮಾತ್ರ ಇದು ಓಡುವಾಗ ಸಾಧ್ಯ, ಹಾಗಾಗಿ ವಾಲ್ವ್ ಹಾಕಿಸುವಾಗಲೇ ಇದನ್ನು ಯೋಚಿಸಿ. ಮುಳ್ಳು ಕೆಂಪಿಗೆ ಹೋದರೆ ನಿಲ್ಲಿಸಲೇಬೇಕು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ, ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ.

ನಿಮ್ಮ ಮೈಯ ಮುಳ್ಳಿನ ಮೇಲೂ ಕಣ್ಣಿರಲಿ. ತಲೆನೋವು, ವಾಕರಿಕೆ, ಕಾಲು ಸೆಳೆತ ಶುರುವಾದರೆ ಬಸ್ಸು ಬದಿಗೆ ಹಾಕಿ, ನೆರಳಲ್ಲಿ ಕೂತು ನೀರು ಕುಡಿಯಿರಿ. ಯಾರಾದರೂ ಸಂಬಂಧವಿಲ್ಲದ ಮಾತಾಡಲು ಶುರು ಮಾಡಿದರೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಂಬುಲೆನ್ಸ್ ಕರೆಯಿರಿ.

ಊರು ಸೇರಿದ ಮೇಲೆ ಎಲ್ಲರೂ ಮರೆಯುವ ಒಂದು ಕೆಲಸ ಉಳಿದಿದೆ. ಇಂಜಿನ್ ಆರಿಸಿದ ಕೂಡಲೇ ಅದರ ಫ್ಯಾನೂ ನೀರಿನ ಓಟವೂ ನಿಲ್ಲುತ್ತದೆ, ಆದರೆ ಆ ಕಬ್ಬಿಣದ ಗುಡ್ಡೆ ಕಾದೇ ಇರುತ್ತದೆ. ನಿಂತ ಮೊದಲ ಅರ್ಧ ಗಂಟೆ ಮುಚ್ಚಳ ಓಡುವಾಗಿನದಕ್ಕಿಂತ ಜಾಸ್ತಿ ಬಿಸಿಯಾಗುವುದುಂಟು. ಅದಕ್ಕೇ ಎರಡು ಮೂರು ನಿಮಿಷ ಇಂಜಿನ್ನನ್ನು ಸುಮ್ನೆ ಓಡಲು ಬಿಟ್ಟು ಆಮೇಲೆ ಆರಿಸಿ. ಹೊರಗಿನಿಂದ ತೆಗೆಯುವ ಬಾನೆಟ್ ಇದ್ದರೆ ಎತ್ತಿಡಿ. ಹೊಗೆ ನಿಂತ ಮೇಲೆ ಹಿಂದಿನ ಬಾಗಿಲು ಧಾರಾಳವಾಗಿ ತೆರೆಯಿರಿ. ಮೂತಿಯನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ಮುಂದಿನ ಗಾಜಿಗೆ ಹೊರಗಿನಿಂದಲೇ ಬಿಳಿ ಬಟ್ಟೆ ಹೊದಿಸಿ. ಅಡುಗೆ ಆಮೇಲೆ ಮಾಡಿದರಾಯಿತು, ಅದೂ ಹೊರಗೆ.