ನಡುಗುವ ದವಡೆಗೆ 30 ದಿನ ರೇಡಿಯೇಷನ್: ನನ್ನ ಅನುಭವ

"ಪಾರ್ಕಿನ್ಸನ್ ಇರೋರಿಗೆ ಮಾಸ್ಕ್ ಹಾಕಿ ಮಲಗಿಸ್ತೀಯಾ? ದಿನಾ ಅನೆಸ್ತೀಷಿಯಾ ಬೇಕು, ಇಲ್ಲಾಂದ್ರೆ ಬಿಡು" ಎಂದಿದ್ದರು ಸೀನಿಯರ್. ರೇಡಿಯೇಷನ್ ಹೊತ್ತಲ್ಲಿ ತಲೆ ಅಲುಗದಂತೆ ಮುಖಕ್ಕೆ ಬಿಗಿಯುವ ಅಚ್ಚೇ ಈ ಮಾಸ್ಕ್; ಪಾರ್ಕಿನ್ಸನ್ ಅಂದರೆ ನಡುಕದ ಕಾಯಿಲೆ. ರೋಗಿಗೆ 61-62 ವರ್ಷ, ಯಲಹಂಕದ ಕಡೆಯವರು. ಕೆನ್ನೆಯ ಕ್ಯಾನ್ಸರ್, ಆಪರೇಷನ್ ಆಗಿತ್ತು. 30 ಫ್ರ್ಯಾಕ್ಷನ್‌ಗೆ (ದಿನಕ್ಕೊಂದು ಕಂತು) ಒಟ್ಟು 60 ಗ್ರೇ ವಿಕಿರಣ, ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೊ. ದಿನಾ ಅನೆಸ್ತೀಷಿಯಾಗೆ ಲೆಕ್ಕ ಹಾಕಿಸಿದರೆ ಒಂದೂವರೆ ಲಕ್ಷದ ಹತ್ತಿರ ಬಂತು. ಮಗ ಆಟೊ ಓಡಿಸುತ್ತಾನೆ. ಆ ಮಾತು ಅಲ್ಲಿಗೇ ಬಿಟ್ಟೆ.

ಮೊದಲ ವಾರ ಸೋತೆ. ಏಳಕ್ಕೆ ಸಿಂಡೋಪಾ (ನಡುಕ ತಗ್ಗಿಸುವ ಲೆವೊಡೋಪಾ ಮಾತ್ರೆ) ನುಂಗಿ ಹೊರಟರೆ, ಮಾತ್ರೆಯ ಬಲವೆಲ್ಲ ಹೆಬ್ಬಾಳದ ಟ್ರಾಫಿಕ್‌ನಲ್ಲೇ ಖರ್ಚು. ಸಿಟಿ ಸ್ಕ್ಯಾನ್ ನೋಡಿದರೆ ದವಡೆ ಇರಬೇಕಾದ ಜಾಗದಿಂದ ಐದಾರು ಮಿಲಿಮೀಟರ್ ಆಚೆ. ಎರಡು ದಿನ ವಾಪಸ್ ಕಳಿಸಿದೆ. ಹೊಸ ಮಾಸ್ಕ್‌ಗೆ ಸುಮಾರು ಆರು ಸಾವಿರ, ನನ್ನ ಜೇಬಿನಿಂದಲೇ ಹೋಯಿತು.

ಆಮೇಲೆ ಮಾತ್ರೆಯನ್ನು ನಮ್ಮ ಕಾರಿಡಾರ್‌ನಲ್ಲೇ ನುಂಗಿಸಿದೆ. ಮುಕ್ಕಾಲು ಗಂಟೆಗೆ ನಡುಕ ನಿಂತಿತು. ಖುಷಿಯಿಂದ ಮಲಗಿಸಿದರೆ ಕತ್ತು ಹೊರಳತೊಡಗಿತು, ಡಿಸ್ಕೈನೀಸಿಯಾ (ಮಾತ್ರೆಯ ಬಲ ಹೆಚ್ಚಾದಾಗ ತಾನಾಗೇ ಆಗುವ ಹೊರಳಾಟ)! ಮೂರು ದಿನ ಗಡಿಯಾರ ಹಿಡಿದು ಬರೆದುಕೊಂಡೆ. ನಡುಕವೂ ಹೊರಳಾಟವೂ ಇಲ್ಲದ ಹೊತ್ತು ಇವರಿಗೆ ಮಾತ್ರೆಯಾದ ಒಂದು ಮುಕ್ಕಾಲು ಗಂಟೆಯಿಂದ ಎರಡೂವರೆ ಗಂಟೆವರೆಗೆ. ಸ್ಲಾಟ್ ಅಲ್ಲಿಗೇ ಹಾಕಿಸಿದೆ.

ಎರಡನೇ ಸಿಸ್‌ಪ್ಲಾಟಿನ್ ದಿನ ವಾಂತಿಗೆ ಡ್ಯೂಟಿ ಡಾಕ್ಟರ್ ಮೆಟೊಕ್ಲೊಪ್ರಮೈಡ್ ಹಾಕಿಬಿಟ್ಟರು. ಡೋಪಮಿನ್ ತಡೆದು ಪಾರ್ಕಿನ್ಸನ್ ಹೆಚ್ಚಿಸುವ ಔಷಧಿ ಅದು. ರಾತ್ರಿಯೊಳಗೆ ಮನುಷ್ಯ ಕೊರಡು. ಅದರ ಜೊತೆ ಅಂಥದ್ದೇ ಆದ ಓಲಾಂಜಪಿನ್ ಕೂಡ ತೆಗೆಸಿದೆ. ವಾಂತಿ ತಡೆಯಲು ಆಂಡಾನ್ಸೆಟ್ರಾನ್, ಡೆಕ್ಸಾ, ಅಪ್ರೆಪಿಟೆಂಟ್ ಸಾಕಾಯಿತು.

ನಾಲ್ಕನೇ ವಾರ ಬಾಯೆಲ್ಲ ಹುಣ್ಣು, ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದೆವು. ಮತ್ತೆ ನಡುಕ! ಎರಡು ದಿನ ತಲೆ ಕೆರೆದುಕೊಂಡೆ. ನೋಡಿದರೆ ಅವರ ಹೆಂಡತಿ ಪುಡಿ ಮಾಡಿದ ಮಾತ್ರೆಯ ಜೊತೆಗೇ ಪ್ರೊಟೀನ್ ಪೌಡರ್ ಕಲಸಿದ ಹಾಲು ಬಿಡುತ್ತಿದ್ದರು. ಪ್ರೊಟೀನ್ ಜೊತೆ ಹೋದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

"ಅಮ್ಮಾ, ಮಾತ್ರೆ ಕೊಟ್ಟು ಒಂದು ಗಂಟೆ ಬಿಟ್ಟು ಹಾಲು ಕೊಡಿ."

"ಪ್ರೊಟೀನ್ ಜಾಸ್ತಿ ಕೊಡಿ ಅಂದಿದ್ದು ನೀವೇ ಅಲ್ವಾ ಡಾಕ್ಟ್ರೇ?"

ನಾನೇ ಅಂದಿದ್ದೆ.

ನಡುವೆ ಸುಮ್ನೆ ಒಂದೆರಡು ಪ್ರಯೋಗವೂ ಆಯಿತು. ದೇವರನಾಮ ಹಾಕಿದರೆ ಕಾಲಲ್ಲಿ ತಾಳ ಹಾಕಿದರು. ನೂರರಿಂದ ಹಿಂದಕ್ಕೆ ಎಣಿಸಿ ಅಂದರೆ ನಡುಕ ಇನ್ನೂ ಜಾಸ್ತಿ. ಗಲ್ಲದ ಹತ್ತಿರ ಮಾಸ್ಕ್‌ಗೆ ನಾನು ಮಾಡಿದ ಸಣ್ಣ ಕೈಚಳಕ ಒಂದಿದೆ. ಅದನ್ನು ಈಗಲೇ ಹೇಳುವುದಿಲ್ಲ, ಇನ್ನೂ ಇಬ್ಬರಲ್ಲಿ ನೋಡಬೇಕು.

ಏಳನೇ ವಾರಕ್ಕೆ 30 ಫ್ರ್ಯಾಕ್ಷನ್ ಮುಗಿಯಿತು, ಒಂದು ದಿನವೂ ಅನೆಸ್ತೀಷಿಯಾ ಇಲ್ಲದೆ. ಸಿಸ್‌ಪ್ಲಾಟಿನ್ ಐದೇ ಆಯಿತು. ಕಾಲು ಜೋಮು ಅಂದಿದ್ದಕ್ಕೆ ಆರನೆಯದನ್ನು ಬಿಟ್ಟೆ, ಅದರಿಂದ ನರಕ್ಕೆ ಪೆಟ್ಟು ಬೀಳಬಹುದು. ಸೀನಿಯರ್ ಪ್ಲಾನ್ ಶೀಟ್ ನೋಡಿ "ಹ್ಞೂಂ" ಅಂದರು, ಅಷ್ಟೇ. ಅಷ್ಟು ದಿನ ಸ್ಲಾಟ್ ಹಿಡಿದಿಟ್ಟ ಟೆಕ್ನಿಷಿಯನ್‌ಗಳಿಗೆ ನಾನು ಒಪ್ಪಿಕೊಂಡ ಮಸಾಲೆ ದೋಸೆ ಮಾತ್ರ ಇನ್ನೂ ಬಾಕಿ.