ನಗರಸಭೆ ತನ್ನೂರಿನ ಸಂಪಾದನೆಗೆ ಯೋಜನೆ ಹಾಕುವುದು ಹೇಗೆ?

ನಗರಸಭೆ ಅಂದರೆ ನಮಗೆ ಕಸ, ನೀರು, ಬೀದಿದೀಪ. ಊರಿನ ವ್ಯಾಪಾರ, ಹುಡುಗರ ಕೆಲಸ ಇವೆಲ್ಲ ಸರ್ಕಾರದ ತಲೆನೋವು ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ಆದರೆ 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳಿವೆ. ಅದರಲ್ಲಿ ಮೂರನೆಯದೇ ಆರ್ಥಿಕ, ಸಾಮಾಜಿಕ ಅಭಿವೃದ್ಧಿಯ ಯೋಜನೆ. ಹಾಗಾದರೆ ಚಿಕ್ಕಮಗಳೂರಿನಂಥ ಊರು ಅಂಥ ಯೋಜನೆಗೆ ಕೂತರೆ ಎಲ್ಲಿಂದ ಶುರು ಮಾಡಬೇಕು?

ವಿಶ್ವಬ್ಯಾಂಕ್‌ನ ಕೈಪಿಡಿ ಇದಕ್ಕೆ ಐದು ಹಂತ ಹೇಳುತ್ತದೆ. ತಂಡ ಕಟ್ಟುವುದು, ಊರಿನ ಲೆಕ್ಕ ಹಿಡಿಯುವುದು, ಗುರಿ ಆರಿಸುವುದು, ಜಾರಿ ಮಾಡುವುದು, ಮತ್ತೆ ಪರಿಶೀಲಿಸುವುದು. ನನ್ನನ್ನು ಕೇಳಿದರೆ ಎರಡನೆಯದು ನೆಟ್ಟಗಾದರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮಲ್ಲಿ ಹಾರಿಸಿಬಿಡುವುದೂ ಅದನ್ನೇ.

ಯಾರು ಕೂರಬೇಕು

ಪೌರಾಯುಕ್ತರು, ಅಧ್ಯಕ್ಷರು, ಸದಸ್ಯರು ಇದ್ದೇ ಇರುತ್ತಾರೆ. ಜೊತೆಗೆ ನಗರಾಭಿವೃದ್ಧಿ ಪ್ರಾಧಿಕಾರ, ಜಿಲ್ಲಾ ಕೈಗಾರಿಕಾ ಕೇಂದ್ರ, ಜಿಲ್ಲೆಯ ಬ್ಯಾಂಕುಗಳನ್ನು ಒಗ್ಗೂಡಿಸುವ ಲೀಡ್ ಬ್ಯಾಂಕ್, ಪ್ರವಾಸೋದ್ಯಮ ಇಲಾಖೆಯವರು ಬೇಕು. ಬೆಳೆಗಾರರು, ಹೋಟೆಲಿನವರು, ಆಟೋದವರು, ಬೀದಿಬದಿ ವ್ಯಾಪಾರಿಗಳು ಬೇಕು. ಸನ್ಮಾನ, ಶಾಲು, ಹಾರ ಬೇಡ.

ತಂಡ ಆದಮೇಲೆ ಕೌನ್ಸಿಲ್ ಸಭೆಯಲ್ಲಿ ಠರಾವು ಮಾಡಿಸಿಕೊಳ್ಳಬೇಕು. ಇದು ಸುಮ್ನೆ ಕಾಗದದ ಕೆಲಸ ಅಲ್ಲ. ಪೌರಾಯುಕ್ತರಿಗೆ ಯಾವಾಗ ವರ್ಗಾವಣೆ ಆಗುತ್ತದೋ ಗೊತ್ತಿಲ್ಲ, ಅಧ್ಯಕ್ಷರ ಕುರ್ಚಿಯೂ ಐದು ವರ್ಷ ಒಬ್ಬರ ಬಳಿ ಇರುವುದಿಲ್ಲ. ಠರಾವು ಇಲ್ಲದ ಯೋಜನೆ ಅವರ ಜೊತೆಗೇ ಹೋಗುತ್ತದೆ.

ಊರಿನ ಲೆಕ್ಕ

ಇಲ್ಲಿ ನಿಧಾನ ಮಾಡಿದರೂ ಪರವಾಗಿಲ್ಲ. ಊರಿಗೆ ದುಡ್ಡು ಎಲ್ಲಿಂದ ಬರುತ್ತಿದೆ, ಎಲ್ಲಿ ಸೋರಿ ಹೋಗುತ್ತಿದೆ ಅನ್ನುವುದೇ ಇಲ್ಲಿನ ಪ್ರಶ್ನೆ.

ಕಾಫಿಯನ್ನೇ ನೋಡಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಣ್ಣು ಕೊಯ್ದು, ಪಲ್ಪ್ ಮಾಡಿ (ಹೊರಸಿಪ್ಪೆ ತೆಗೆದು), ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಬೀಜ) ಮೂಟೆ ಕ್ಯೂರಿಂಗ್ ಘಟಕಕ್ಕೆ ಹೋಗುತ್ತದೆ. ಅಲ್ಲಿ ಸಿಪ್ಪೆ ಬಿಡಿಸಿ, ಗ್ರೇಡ್ ಮಾಡುತ್ತಾರೆ. ಇಷ್ಟರವರೆಗೆ ಕೂಲಿ ನಮ್ಮವರಿಗೆ. ಆಮೇಲೆ ಹೆಚ್ಚಿನ ಬೀಜ ಹಸಿರಾಗಿಯೇ ಹೊರದೇಶಕ್ಕೆ ಹೋಗುತ್ತದೆ. ಹುರಿಯುವುದು, ಪುಡಿ ಮಾಡುವುದು, ಪ್ಯಾಕೆಟ್ ಮೇಲೆ ಹೆಸರು ಹಾಕುವುದು, ಅಂದರೆ ಲಾಭ ಜಾಸ್ತಿ ಇರುವ ಕೆಲಸ, ಬೇರೆಯವರ ಪಾಲು.

ಪ್ರವಾಸಿಗರದ್ದೂ ಅದೇ ಕಥೆ. ಶನಿವಾರ ಬೆಳಿಗ್ಗೆ ಬೆಂಗಳೂರಿಂದ ಬಂದ ಕಾರು ಊರೊಳಗೆ ಪೆಟ್ರೋಲ್ ಹಾಕಿಸಿ, ಟ್ರಾಫಿಕ್ ಜಾಮ್‌ಗೆ ತನ್ನ ಪಾಲೂ ಸೇರಿಸಿ, ಕೈಮರದ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಕಡೆ ಹೋಗುತ್ತದೆ. ತಂಗುವುದು ಹೋಂಸ್ಟೇಯಲ್ಲಿ. ಬಹುಪಾಲು ಹೋಂಸ್ಟೇಗಳು ಇರುವುದು ಗ್ರಾಮ ಪಂಚಾಯಿತಿ ಎಲ್ಲೆಯಲ್ಲಿ. ತೆರಿಗೆ ಅಲ್ಲಿಗೆ, ಹೊಗೆ ಇಲ್ಲಿಗೆ! ಇದಕ್ಕೆ ಪಂಚಾಯಿತಿಗಳನ್ನು ಬೈದು ಪ್ರಯೋಜನ ಇಲ್ಲ. ಊರಿನ ಆರ್ಥಿಕತೆ ನಗರಸಭೆಯ ಎಲ್ಲೆಗಿಂತ ದೊಡ್ಡದು ಅಂತ ಒಪ್ಪಿಕೊಂಡು ಅವರನ್ನೂ ಸಭೆಗೆ ಕರೆಯಬೇಕು.

ಲೆಕ್ಕ ಹಿಡಿಯಲು ದೊಡ್ಡ ಕನ್ಸಲ್ಟೆಂಟ್ ಬೇಕಿಲ್ಲ. ನಗರಸಭೆಯ ಕಪಾಟಲ್ಲೇ ಉದ್ದಿಮೆ ಪರವಾನಗಿಯ ಪುಸ್ತಕ ಇದೆ. ಐದು ವರ್ಷದಲ್ಲಿ ಎಷ್ಟು ಬೇಕರಿ ಬಂದವು, ಎಷ್ಟು ಗ್ಯಾರೇಜ್ ಮುಚ್ಚಿದವು ಅನ್ನುವುದು ಅದರಲ್ಲೇ ಸಿಗುತ್ತದೆ. ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಸಂತೆ ಸುಂಕದ ಹರಾಜು, ಹೊಸ ವಾಣಿಜ್ಯ ಕಟ್ಟಡದ ಲೈಸೆನ್ಸ್ ಎಲ್ಲವೂ ಊರಿನ ನಾಡಿಯೇ. ಪರವಾನಗಿ ಇಲ್ಲದೆ ನಡೆಯುವ ವ್ಯಾಪಾರಕ್ಕೆ ಮಾತ್ರ ಬೀದಿಗೆ ಇಳಿದು ಎಣಿಸಲೇಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ವ್ಯಾಪಾರಿಗಳೇ ಇರಬೇಕು. ಬೆಳಿಗ್ಗೆ ಸೊಪ್ಪು, ಸಂಜೆ ಬಜ್ಜಿ, ಒಂದೇ ಜಾಗದಲ್ಲಿ ಎರಡು ಸಂಸಾರ ಬದುಕುವುದುಂಟು. ಒಂದೇ ಹೊತ್ತಲ್ಲಿ ಎಣಿಸಿದರೆ ಅರ್ಧ ಜನ ಲೆಕ್ಕದಿಂದ ತಪ್ಪಿಹೋಗುತ್ತಾರೆ.

ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು

ಲೆಕ್ಕ ಕೈಗೆ ಬಂದಮೇಲೆ ಆಸೆ ಪಟ್ಟಿ ಉದ್ದ ಆಗುತ್ತದೆ. ಐಟಿ ಪಾರ್ಕ್, ರೋಪ್‌ವೇ, ವಿಮಾನ ನಿಲ್ದಾಣ. ಇದ್ಯಾವುದೂ ನಗರಸಭೆಯ ಕೈಯಲ್ಲಿಲ್ಲ. ಕಾಫಿ ದರವೂ ಇಲ್ಲ, ಅದು ನ್ಯೂಯಾರ್ಕ್, ಲಂಡನ್ ಮಾರುಕಟ್ಟೆ ನೋಡಿ ಏರಿಳಿಯುತ್ತದೆ. ನಗರಸಭೆಯ ಕೈಯಲ್ಲಿರುವುದು ಫುಟ್‌ಪಾತ್, ಪಾರ್ಕಿಂಗ್, ಮಾರುಕಟ್ಟೆ, ಮಳಿಗೆ, ಲೈಸೆನ್ಸ್, ಶೌಚಾಲಯ, ಚರಂಡಿ. ಕಡಿಮೆ ಅನ್ನಿಸಬಹುದು, ಆದರೆ ಇದರಲ್ಲೇ ಬಹಳ ಮಾಡಬಹುದು.

ಗುರಿಯನ್ನು ಅಳತೆಗೆ ಸಿಗುವ ಹಾಗೆ ಬರೆಯಬೇಕು. ‘ಪ್ರವಾಸೋದ್ಯಮಕ್ಕೆ ಉತ್ತೇಜನ’ ಅಂತ ಬರೆದರೆ ಯಾರಿಗೂ ಜವಾಬ್ದಾರಿ ಇಲ್ಲ. ‘ಗಿರಿಗೆ ಹೋಗುವ ಪ್ರವಾಸಿ ಊರಲ್ಲಿ ಎರಡು ಗಂಟೆ ನಿಲ್ಲಬೇಕು’ ಅಂತ ಬರೆಯಿರಿ. ಆಗ ಕೆಲಸ ತಾನಾಗಿಯೇ ಕಾಣುತ್ತದೆ. ಕಾರು ನಿಲ್ಲಿಸಲು ಜಾಗ, ಶುಚಿಯಾದ ಶೌಚಾಲಯ, ಎಂ.ಜಿ. ರಸ್ತೆಯಲ್ಲಿ ಎಡವದೆ ನಡೆಯುವ ಫುಟ್‌ಪಾತ್, ಸಣ್ಣ ಬೆಳೆಗಾರರು ಮತ್ತು ಸ್ವಸಹಾಯ ಸಂಘದವರು ತಾವೇ ಹುರಿದ ಪುಡಿ ಮಾರಲು ನಾಲ್ಕಾರು ಮಳಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ಊರಿದು. ಆದ್ದರಿಂದ ಮೇಲೆ ಚಾವಣಿ ಮರೆಯಬಾರದು. ವರ್ಷಕ್ಕೆ ಇಂಥ ಮೂರು ಕೆಲಸ ಸಾಕು.

ಒಂದು ಎಚ್ಚರ. ‘ಊರು ಚೆಂದ ಮಾಡುತ್ತೇವೆ’ ಅಂತ ಹೊರಟು ಮೊದಲು ಎತ್ತಂಗಡಿ ಮಾಡುವುದು ತಳ್ಳುಗಾಡಿಗಳನ್ನೇ. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಹಾಗೆ ಎಬ್ಬಿಸಲು ಕಾನೂನಿನಲ್ಲಿ ಅವಕಾಶ ಇಲ್ಲ.

ದುಡ್ಡು, ಹೊಣೆ

ಪ್ರತಿ ಕೆಲಸದ ಮುಂದೆ ಹಣದ ಮೂಲ, ಹೊಣೆ ಹೊತ್ತ ಅಧಿಕಾರಿಯ ಹುದ್ದೆ, ಮುಗಿಯುವ ತಿಂಗಳು ಬರೆದಿರಬೇಕು. ಸ್ವಂತ ಆದಾಯ, ಹಣಕಾಸು ಆಯೋಗದ ಅನುದಾನ ಇದ್ದೇ ಇದೆ. ಸ್ವಂತ ಆದಾಯದಲ್ಲೇ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಎತ್ತಿಡುವ ಹಣವೂ ಇದೆ. ಅದನ್ನು ಚೂರುಚೂರಾಗಿ ಹಂಚುವ ಬದಲು ಹುರಿಯುವ ಯಂತ್ರದ ತರಬೇತಿ, ಮಳಿಗೆ ಹಿಡಿಯಲು ನೆರವು ಅಂತ ಈ ಯೋಜನೆಗೇ ಜೋಡಿಸಬಹುದು. ಬ್ಯಾಂಕ್ ಸಾಲ ಬೇಕಾದವರನ್ನು ಕೈಗಾರಿಕಾ ಕೇಂದ್ರಕ್ಕೆ ದಾಟಿಸಿದರಾಯಿತು.

ಪರಿಶೀಲನೆ ವರ್ಷಕ್ಕೊಮ್ಮೆ, ಬಜೆಟ್ ಪೂರ್ವಭಾವಿ ಸಭೆಗೆ ಮೊದಲು. ಹೊಸ ಪರವಾನಗಿ ಎಷ್ಟು, ಖಾಲಿ ಮಳಿಗೆ ಎಷ್ಟು, ಪಾರ್ಕಿಂಗ್‌ನಲ್ಲಿ ಕಾರು ಎಷ್ಟು ಹೊತ್ತು ನಿಂತವು, ಇಷ್ಟು ನೋಡಿದರೆ ಸಾಕು. ಆ ಸಭೆಗೆ ಸಾರ್ವಜನಿಕರೂ ಹೋಗಬಹುದು. ಹೋಗುವ ಮೊದಲು ಕಳೆದ ವರ್ಷದ ಬಜೆಟ್ ಪ್ರತಿ ಕೇಳಿ ಪಡೆದು, ಮಳಿಗೆ ಬಾಡಿಗೆಯ ಸಾಲಿನಲ್ಲಿ ಅಂದಾಜು ಎಷ್ಟಿತ್ತು, ವಸೂಲಾಗಿದ್ದು ಎಷ್ಟು ಅಂತ ಗುರುತು ಹಾಕಿಕೊಳ್ಳಿ. ಮೊದಲ ಪ್ರಶ್ನೆ ಅದೇ ಆಗಿರಲಿ.