ಐಇಎಲ್‌ಟಿಎಸ್ ಬರೆಯೋದಾ, ಪಿಟಿಇ ಬರೆಯೋದಾ?

ಹೊರದೇಶಕ್ಕೆ ಓದಲು ಹೊರಟವರೆಲ್ಲ ಮೊದಲು ಕೇಳುವುದು ‘ಐಇಎಲ್‌ಟಿಎಸ್, ಪಿಟಿಇಯಂಥ ಇಂಗ್ಲಿಷ್ ಭಾಷಾ ಪರೀಕ್ಷೆಗಳಲ್ಲಿ ಯಾವುದು ಸುಲಭ?’ ಅಂತ. ಸುಲಭದ್ದನ್ನೇ ಬರೆದು, ಆಮೇಲೆ ಕಾಲೇಜಿನವರು ಒಪ್ಪದಿದ್ದರೆ? ಹಾಗಾಗಿ ಆ ಪ್ರಶ್ನೆ ಕೊನೆಗಿರಲಿ.

ಮೊದಲು ನೀವು ಸೇರಬೇಕೆಂದಿರುವ ಕೋರ್ಸಿನ ಪ್ರವೇಶ ನಿಯಮ ಓದಿ. ವಿಶ್ವವಿದ್ಯಾಲಯದ ಸಾಮಾನ್ಯ ನಿಯಮವಲ್ಲ, ಕೋರ್ಸಿನದ್ದೇ. ನರ್ಸಿಂಗ್, ಕಾನೂನಿನಂಥ ಕೋರ್ಸ್‌ಗಳು ಜಾಸ್ತಿ ಅಂಕ ಕೇಳುವುದುಂಟು. ಅಲ್ಲಿ ‘ಒಟ್ಟು 6.5, ಯಾವುದರಲ್ಲೂ 6ಕ್ಕಿಂತ ಕಡಿಮೆ ಇರಬಾರದು’ ಎಂಬಂಥ ಸಾಲು ಇರುತ್ತದೆ. ಎಷ್ಟೋ ಜನ ಎಡವುವುದು ಅದರ ದ್ವಿತೀಯಾರ್ಧದಲ್ಲಿ. ಐಇಎಲ್‌ಟಿಎಸ್‌ನಲ್ಲಿ ಕೇಳುವುದಕ್ಕೆ 7.5, ಓದಿಗೆ 7, ಮಾತಿಗೆ 6, ಬರವಣಿಗೆಗೆ 5.5 ಬಂತು ಅನ್ನಿ. ಸರಾಸರಿ ಸರಿಯಾಗಿ 6.5. ಆದರೂ ಸೀಟಿಲ್ಲ! ಈಗ ಕಂಪ್ಯೂಟರ್‌ನಲ್ಲಿ ಬರೆದವರಿಗೆ ಹಲವು ಕಡೆ ಒಂದೇ ವಿಭಾಗ ಮತ್ತೆ ಬರೆಯುವ ಅವಕಾಶವಿದೆ. ಅದನ್ನು ಕಾಲೇಜು ಒಪ್ಪುತ್ತದಾ ಅಂತ ಕೇಳಿಕೊಳ್ಳಿ.

ಆಮೇಲೆ ವೀಸಾ ನಿಯಮ. ಡುಯೊಲಿಂಗೊ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಮನೆಯಲ್ಲೇ ಕೂತು ಒಂದು ಗಂಟೆಯಲ್ಲಿ ಮುಗಿಯುತ್ತದೆ, ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಸಾಕು ಕೂಡ. ಆದರೆ ಆಸ್ಟ್ರೇಲಿಯಾದ ವೀಸಾಕ್ಕೆ ಮನೆಯಲ್ಲಿ ಬರೆದ ಪರೀಕ್ಷೆ ನಡೆಯುವುದಿಲ್ಲ.

ಇಷ್ಟಾದ ಮೇಲೂ ಎರಡು ಮೂರು ಆಯ್ಕೆ ಉಳಿದರೆ, ಈಗ ನಿಮ್ಮ ಸ್ವಭಾವ ನೋಡಿಕೊಳ್ಳಿ. ಐಇಎಲ್‌ಟಿಎಸ್‌ನಲ್ಲಿ ಪರೀಕ್ಷಕರ ಜೊತೆ 11ರಿಂದ 14 ನಿಮಿಷ ಮಾತು. ಪ್ರಶ್ನೆ ಅರ್ಥವಾಗದಿದ್ದರೆ ‘ಇನ್ನೊಮ್ಮೆ ಹೇಳಿ’ ಅನ್ನಬಹುದು. ಪಿಟಿಇ ಮತ್ತು ಟೋಫೆಲ್ (ಇದೂ ಇಂಥದ್ದೇ ಇಂಗ್ಲಿಷ್ ಪರೀಕ್ಷೆ) ಬರೆಯುವಾಗ ಎದುರಿಗೆ ಯಾರೂ ಇಲ್ಲ, ಮೈಕ್ ಮಾತ್ರ. ಅಕ್ಕಪಕ್ಕದವರೂ ಅದೇ ಹೊತ್ತಿಗೆ ಮಾತಾಡುತ್ತಿರಬಹುದು. ಪಿಟಿಇಯಲ್ಲಂತೂ ಮೂರು ಸೆಕೆಂಡ್ ಸುಮ್ನಿದ್ದರೆ ಮೈಕ್ ಮುಚ್ಚಿಕೊಳ್ಳುತ್ತದೆ. ಯೋಚಿಸಿ ಯೋಚಿಸಿ ಮಾತಾಡುವವರಿಗೆ ಇದು ಕಷ್ಟವೇ. ಅಪರಿಚಿತರ ಮುಖ ನೋಡಿದರೆ ಬಾಯಿ ಒಣಗುವವರಿಗೆ ಮಾತ್ರ ಮೈಕೇ ವಾಸಿ. ಊಹೆ ಬೇಡ. ಎರಡರದ್ದೂ ಒಂದೊಂದು ಉಚಿತ ಮಾದರಿ ಪರೀಕ್ಷೆಯನ್ನು ಗಡಿಯಾರ ಇಟ್ಟುಕೊಂಡು ಬರೆದುಬಿಡಿ.

ಫಲಿತಾಂಶ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ತೀರಾ ಮುಂಚೆ ಬರೆಯಬೇಡಿ, ಕೊನೇ ವಾರಕ್ಕೂ ಇಟ್ಟುಕೊಳ್ಳಬೇಡಿ.

ಐಇಎಲ್‌ಟಿಎಸ್ ಆರಿಸಿದರೆ ‘ಅಕಾಡೆಮಿಕ್’ ಒತ್ತಿ. ‘ಜನರಲ್ ಟ್ರೈನಿಂಗ್’ ಹೆಚ್ಚಾಗಿ ಕೆಲಸಕ್ಕೆ, ವಲಸೆಗೆ ಹೋಗುವವರದ್ದು. ಬುಕ್ ಮಾಡುವಾಗ ಪಾಸ್‌ಪೋರ್ಟ್ ಎದುರಿಗಿರಲಿ. ಹೆಸರು ಅದರಲ್ಲಿರುವಂತೆಯೇ ತುಂಬಬೇಕು.